ಮಗಳಿಗೊಂದು ಪತ್ರ: ಟೆಡ್ ಪರವಾಗಿ

ಪುಟ್ಟೀ,

ನಮ್ಮ ಬಾಸ್ಟನ್ ಬೇಸ್‌ಬಾಲ್ ತಂಡ ರೆಡ್ ಸಾಕ್ಸ್‌ನ ಅತಿ ದೊಡ್ಡ ಹಿಟ್ಟರ್ ಯಾರು, ಟೆಡ್ ವಿಲಿಯಮ್ಸೋ ಡೇವಿಡ್ ಆರ್ಟಿಜೋ ಅಂತ ಭಾನುವಾರ ಜಗಳ ಆಡಿದೆವಲ್ಲ, ಫೋನ್ ಇಡುವ ಮುಂಚೆ ನೀನು ಅಂದ ಮಾತು ಇನ್ನೂ ಕಿವಿಯಲ್ಲಿದೆ. "ಅಪ್ಪ, ಟೆಡ್ ವಿಲಿಯಮ್ಸ್ ಆಡಿದ್ದನ್ನು ನೀನು ನೋಡೇ ಇಲ್ವಲ್ಲ. ನಾನು ಆರ್ಟಿಜ್‌ನನ್ನು ನೋಡಿದ್ದೀನಿ." ನಿಜ, ನೋಡಿಲ್ಲ. ಅವನು ಆಟ ಬಿಟ್ಟಿದ್ದು 1960ರಲ್ಲಿ, ನಾನಿನ್ನೂ ಹುಟ್ಟಿರಲಿಲ್ಲ. ಫೋನಿನಲ್ಲಿ ನಿನಗೆ ಉತ್ತರ ಹೇಳಲು ಹೋದರೆ ಮಧ್ಯದಲ್ಲೇ ಬಾಯಿ ಹಾಕುತ್ತೀಯ. ಅದಕ್ಕೇ ಈ ಕಾಗದ.

1991ರಲ್ಲಿ ಬಾಸ್ಟನ್‌ಗೆ ಬಂದಾಗ ನನಗೆ ಬೇಸ್‌ಬಾಲ್‌ನ ತಲೆಬುಡ ಗೊತ್ತಿರಲಿಲ್ಲ. ಆಫೀಸಿನವರು ಕೊಟ್ಟ ಟಿಕೆಟ್ ಹಿಡಿದು ರೆಡ್ ಸಾಕ್ಸ್‌ನ ಮೈದಾನ ಫೆನ್ವೇ ಪಾರ್ಕಿಗೆ ಹೋದೆ. ಬಲಗಡೆ ತುಂಬಾ ಹಿಂದೆ, ಬ್ಲೀಚರ್ಸ್‌ನಲ್ಲಿ ಜಾಗ. ಸುತ್ತಲೂ ಹಸಿರು ಸೀಟು, ನಡುವೆ ಒಂದೇ ಒಂದು ಕೆಂಪು. ಯಾಕೆ ಅಂತ ಪಕ್ಕದಲ್ಲಿದ್ದ ಮುದುಕನನ್ನು ಕೇಳಿದೆ. 1946ರ ಜೂನ್‌ನಲ್ಲಿ ಟೆಡ್ ಹೊಡೆದ ಚೆಂಡು ಆ ಸೀಟಿನಲ್ಲಿ ಕೂತವನ ಹುಲ್ಲುಟೋಪಿಯ ಮೇಲೆ ಬಿದ್ದಿತ್ತಂತೆ. 502 ಅಡಿ! ಅಲ್ಲಿಂದ ಹೋಮ್ ಪ್ಲೇಟ್ ಕಡೆ ನೋಡಿದರೆ ಬ್ಯಾಟ್ಸ್‌ಮನ್ ಕಡ್ಡಿಯ ಹಾಗೆ ಕಾಣುತ್ತಿದ್ದ. ಆ ದಿನ ಆಡುತ್ತಿದ್ದವನು ವೇಡ್ ಬಾಗ್ಸ್. ಐದು ವರ್ಷ ಲೀಗಿಗೇ ಮೊದಲ ಆವರೇಜ್ ತಂದವನು, ಪ್ರತಿ ಮ್ಯಾಚಿಗೆ ಮುಂಚೆ ಕೋಳಿ ತಿನ್ನುತ್ತಿದ್ದವನು. ಆಮೇಲೆ ನಮ್ಮ ವೈರಿ ತಂಡ, ನ್ಯೂಯಾರ್ಕಿನ ಯಾಂಕೀಸ್‌ಗೆ ಹೋದ. ಅವನ ವಿಷಯ ಬೇಡ ಬಿಡು.

ನಾನು ಟೆಡ್ ಪಕ್ಷ ಸೇರಿದ್ದು 1941ರ ಕಥೆ ಕೇಳಿ. ಸೀಸನ್ನಿನ ಕೊನೆಯ ದಿನ, ಸೆಪ್ಟೆಂಬರ್ 28, ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಎರಡು ಮ್ಯಾಚು. ಅವನ ಆವರೇಜ್ .39955, ಅಂದರೆ ಹತ್ತು ಸಲ ಆಡಿದರೆ ನಾಲ್ಕು ಹಿಟ್‌ಗೆ ಕೂದಲೆಳೆಯಷ್ಟು ಕಡಿಮೆ. ಸುಮ್ನೆ ಬೆಂಚಿನ ಮೇಲೆ ಕೂತಿದ್ದರೂ ಪುಸ್ತಕದಲ್ಲಿ .400 ಅಂತಲೇ ಬರೆಯುತ್ತಿದ್ದರು. ಬೇಕಿದ್ದರೆ ಕೂತ್ಕೋ ಅಂತ ಮ್ಯಾನೇಜರ್ ಜೋ ಕ್ರೋನಿನ್ ಹೇಳಿಯೂ ಹೇಳಿದ. ಇವನು ಕೂರಲಿಲ್ಲ. ಎರಡೂ ಮ್ಯಾಚ್ ಆಡಿ 8ಕ್ಕೆ 6 ಹಿಟ್ ಹೊಡೆದು .406ಕ್ಕೆ ನಿಲ್ಲಿಸಿದ. ಆಗ ವಯಸ್ಸು 23. ಬ್ರಾಡ್‌ಮನ್ ಕೊನೆಯ ಇನ್ನಿಂಗ್ಸಿನಲ್ಲಿ ಸೊನ್ನೆಗೆ ಔಟಾಗಿ 99.94ಕ್ಕೆ ನಿಂತ ಕಥೆ ಕೇಳಿ ಬೆಳೆದ ನನ್ನಂಥವನಿಗೆ ಇದು ಹಿಡಿಸದೇ ಇರುತ್ತಾ? ಟೆಡ್‌ನ ಕೊನೆಯ ಸರದಿ ಇನ್ನೊಂದು ಥರ. 1960ರ ಸೆಪ್ಟೆಂಬರಿನಲ್ಲಿ ಫೆನ್ವೇನಲ್ಲೇ ಹೋಮ್ ರನ್ ಹೊಡೆದ, ನಮ್ಮ ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ. ಜನ ಎಷ್ಟು ಕೂಗಿದರೂ ಟೋಪಿ ಎತ್ತಲಿಲ್ಲ. ಕೊಬ್ಬಿನವನು, ಒಪ್ಪುತ್ತೇನೆ.

ಲೆಕ್ಕ ನೋಡು. 521 ಹೋಮ್ ರನ್, ಅದೂ ಎರಡು ಯುದ್ಧಗಳಿಗೆ ಹೆಚ್ಚುಕಡಿಮೆ ಐದು ಸೀಸನ್ ಕೊಟ್ಟ ಮೇಲೆ. ಕೊರಿಯಾದಲ್ಲಿ ಫೈಟರ್ ವಿಮಾನ ಹಾರಿಸುತ್ತಿದ್ದ, ಒಮ್ಮೆ ಗುಂಡೇಟು ತಿಂದ ವಿಮಾನವನ್ನು ಹೇಗೋ ನೆಲಕ್ಕಿಳಿಸಿ ಬದುಕಿಕೊಂಡ. ವಾಪಸ್ ಬಂದು 1957ರಲ್ಲಿ, 39ನೇ ವಯಸ್ಸಿಗೆ, .388. ಆನ್-ಬೇಸ್ ಲೆಕ್ಕದಲ್ಲಿ ಅವನ .482 ಇವತ್ತಿಗೂ ಎಲ್ಲರಿಗಿಂತ ಮೇಲೆ. ನೂರು ಸಲ ಬ್ಯಾಟ್ ಹಿಡಿದು ನಿಂತರೆ 48 ಸಲ ಔಟಾಗದೆ ಬೇಸ್ ಮೇಲಿರುತ್ತಿದ್ದ. ನಿನ್ನ ಆರ್ಟಿಜ್‌ದು .380. ಒಳ್ಳೆಯದೇ, ಆದರೆ ಎಲ್ಲಿಂದ ಎಲ್ಲಿಗೆ?

ನೀನು ಹೇಳಿದ್ದರಲ್ಲಿ ನನ್ನನ್ನು ಚುಚ್ಚಿದ್ದು ಒಂದೇ ಒಂದು. "ಅವನು .406 ಹೊಡೆದಾಗ ಚೆಂಡು ಎಸೆಯುವ ಒಬ್ಬ ಕಪ್ಪು ಪಿಚರ್ ಕೂಡ ಆ ಲೀಗಿನಲ್ಲಿ ಇರಲಿಲ್ಲ." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕಪ್ಪು ಆಟಗಾರರಿಗಿದ್ದ ಅಡ್ಡಗೋಡೆ ಒಡೆದು ಜಾಕಿ ರಾಬಿನ್ಸನ್ 1947ರಲ್ಲಿ ಬಂದರೂ ನಮ್ಮ ರೆಡ್ ಸಾಕ್ಸ್ ಕಪ್ಪು ಆಟಗಾರನನ್ನು ಇಳಿಸಿದ್ದು 1959ರಲ್ಲಿ, ಎಲ್ಲ ತಂಡಗಳಿಗಿಂತ ಕೊನೆಗೆ. ನಾಚಿಕೆಗೇಡು. 2024ರಲ್ಲಿ ಕಪ್ಪು ಆಟಗಾರರ ಪ್ರತ್ಯೇಕ ಲೀಗ್ ಆಗಿದ್ದ ನೀಗ್ರೋ ಲೀಗಿನ ಅಂಕಿಗಳನ್ನೂ ದಾಖಲೆ ಪುಸ್ತಕಕ್ಕೆ ಸೇರಿಸಿದ ಮೇಲೆ ಅಲ್ಲಿನ ಜಾಶ್ ಗಿಬ್ಸನ್‌ನ 1943ರ ಆವರೇಜ್ ನಮ್ಮ .406ಕ್ಕಿಂತ ಎಷ್ಟೋ ಮೇಲೆ ಕೂತಿದೆ. ಇಷ್ಟು ಮಾತ್ರ ಹೇಳಬಲ್ಲೆ: 1966ರಲ್ಲಿ ಟೆಡ್‌ನನ್ನು ಬೇಸ್‌ಬಾಲ್ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ, ಅದೇ ವೇದಿಕೆಯ ಮೇಲೆ ಅವನು ಗಿಬ್ಸನ್ ಮತ್ತು ನೀಗ್ರೋ ಲೀಗಿನ ಪಿಚರ್ ಸ್ಯಾಚೆಲ್ ಪೇಜ್ ಹೆಸರು ಹೇಳಿದ. ಅವಕಾಶ ಸಿಗದ ಅಂಥವರಿಗೂ ಇಲ್ಲಿ ಜಾಗ ಸಿಗಲಿ ಅಂದ. ಯಾರೂ ಅವನನ್ನು ಕೇಳಿರಲಿಲ್ಲ. ಅವನ ತಾಯಿಯ ಕಡೆಯವರು ಮೆಕ್ಸಿಕೋ ಮೂಲದವರು, ಅದನ್ನು ಮಾತ್ರ ಅವನು ಹೆಚ್ಚಾಗಿ ಹೇಳಿಕೊಳ್ಳಲಿಲ್ಲ.

ಇನ್ನು ವರ್ಲ್ಡ್ ಸೀರೀಸ್, ವರ್ಷದ ಕೊನೆಯ ಫೈನಲ್. ಟೆಡ್ ಆಡಿದ್ದು ಒಂದೇ, 1946ರದ್ದು. 25ಕ್ಕೆ 5 ಹಿಟ್, ತಂಡ ಸೋತಿತು. ಆರ್ಟಿಜ್ 2013ರಲ್ಲಿ 16ಕ್ಕೆ 11. ಇದನ್ನು ನೀನು ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ನನಗೆ ನಿನ್ನ ತಾತ ನೆನಪಾದರು.

ಗವಾಸ್ಕರ್ ರಿಟೈರ್ ಆದ ವರ್ಷ, ಮೈಸೂರಿನ ಮನೆಯ ಜಗಲಿಯಲ್ಲಿ ನಾನೂ ತಾತನೂ ಹೀಗೇ ಜಗಳಕ್ಕೆ ನಿಂತಿದ್ದೆವು. ನಾನು 34 ಸೆಂಚುರಿ, 10,122 ರನ್ ಅಂತ ಪಟ್ಟಿ ಒಪ್ಪಿಸಿದೆ. ಅವರು ಎಲೆಯಡಿಕೆ ಅಗಿಯುತ್ತಾ ಒಂದೇ ಮಾತು ಹೇಳಿದರು: "ಚೆಪಾಕ್‌ನಲ್ಲಿ 97." 1975ರ ಜನವರಿ, ವೆಸ್ಟ್ ಇಂಡೀಸ್ ಎದುರು. ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ. ತಂಡದ್ದೆಲ್ಲ ಸೇರಿ 190, ಅದರಲ್ಲಿ ವಿಶ್ವನಾಥ್ ಔಟಾಗದೆ 97. ಸೆಂಚುರಿ ಕೂಡ ಅಲ್ಲ! ತಾತ ಅದನ್ನು ರೇಡಿಯೋದಲ್ಲಿ ಕೇಳಿದ್ದರು, ಅಷ್ಟೇ. ನೀನು ಮಾತಾಡುವಾಗ ಅವರ ದನಿಯೇ ಕೇಳಿದ ಹಾಗಾಯಿತು.

2004 ನಿನಗೆಷ್ಟು ನೆನಪಿದೆಯೋ. ನವರಾತ್ರಿ, ನಡುಮನೆಯಲ್ಲಿ ಬೊಂಬೆ ಕೂರಿಸಿದ್ದೆವು. ನೀನು ಏಳು ವರ್ಷದವಳು. ಪಟ್ಟದ ಬೊಂಬೆಗಳ ಪಕ್ಕದಲ್ಲಿ ತಲೆ ಅಲ್ಲಾಡಿಸುವ ಆರ್ಟಿಜ್ ಬೊಂಬೆ ಇಟ್ಟು, ಅಮ್ಮನ ಹತ್ತಿರ ಬೈಸಿಕೊಂಡು, ಕೊನೇ ಮೆಟ್ಟಿಲಿಗೆ ಇಳಿಸಿದ್ದೆ. ವರ್ಲ್ಡ್ ಸೀರೀಸ್‌ಗೆ ಹೋಗಲು ನಾಲ್ಕು ಮ್ಯಾಚ್ ಗೆಲ್ಲಬೇಕಿತ್ತು, ಯಾಂಕೀಸ್ ಮೂರಕ್ಕೆ ಮೂರೂ ಗೆದ್ದಿದ್ದರು. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಿದ್ದ ನಾಲ್ಕನೆಯದು ಹನ್ನೆರಡನೇ ಇನ್ನಿಂಗ್ಸಿಗೆ ಹೋಯಿತು. ನೀನು ಸೋಫಾ ಮೇಲೆ ನಿದ್ದೆ. ರಾತ್ರಿ ಒಂದೂ ಕಾಲು ದಾಟಿತ್ತು, ಬೆಳಗ್ಗೆ ಸ್ಕೂಲು. ಆರ್ಟಿಜ್ ಬ್ಯಾಟ್ ಹಿಡಿದು ಬಂದಾಗ ನಾನು ನಿನ್ನನ್ನು ಅಲ್ಲಾಡಿಸಿ ಎಬ್ಬಿಸಿದೆ. ಯಾಕೆ ಎಬ್ಬಿಸಿದೆ? ಇವನು ಹೊಡೆಯುತ್ತಾನೆ ಅಂತ ಯಾಕೆ ಅನ್ನಿಸಿತು? ಅವನ ಆವರೇಜ್ ನೋಡಿಯಂತೂ ಅಲ್ಲ. ಹೊಡೆದ. ಅದೇ ದಿನ ರಾತ್ರಿ, ಹದಿನಾಲ್ಕನೇ ಇನ್ನಿಂಗ್ಸಿನಲ್ಲಿ, ಐದನೆಯದನ್ನೂ ಅವನೇ ಗೆಲ್ಲಿಸಿದ. ಕೊನೆಗೆ 86 ವರ್ಷದ ಮೇಲೆ ನಮ್ಮವರು ವರ್ಲ್ಡ್ ಸೀರೀಸ್ ಗೆದ್ದರು. ನೀನು ಎರಡು ದಿನ ಸ್ಕೂಲಿಗೆ ಚಕ್ಕರ್ ಹೊಡೆದೆ.

ಹಾಗಂತ ನಾನು ಸೋತೆ ಅಂದುಕೊಳ್ಳಬೇಡ. ರೆಡ್ ಸಾಕ್ಸ್‌ನ ಅತಿ ದೊಡ್ಡ ಹಿಟ್ಟರ್ ಯಾರು ಅಂದರೆ ಟೆಡ್ ವಿಲಿಯಮ್ಸ್. ಮಗಳನ್ನು ನಿದ್ದೆಯಿಂದ ಎಬ್ಬಿಸುವುದಾದರೆ ಯಾರಿಗೋಸ್ಕರ ಅಂತ ಕೇಳಿದರೆ ಬೇರೆ ಹೆಸರು ಹೇಳುತ್ತೇನೆ. ನೀನು ಕೇಳಿದ್ದು ಮೊದಲನೇ ಪ್ರಶ್ನೆ.

ಅಮ್ಮನ ವೋಟು ರೆಡ್ ಸಾಕ್ಸ್‌ನ ಇನ್ನೊಬ್ಬ ಹಿಟ್ಟರ್ ಯಸ್ಟ್ರೆಮ್ಸ್ಕಿಗೆ. 23 ವರ್ಷ ಇದೊಂದೇ ಮನೆಯಲ್ಲಿ ಬಾಳಿದವನು ಅಂತೆ. ಹೆಸರು ಬರೆಯುವುದರಲ್ಲೇ ನನಗೆ ಸಾಕಾಯಿತು.

ಆರ್ಟಿಜ್ ಬೊಂಬೆಯ ಕತ್ತಿನ ಸ್ಪ್ರಿಂಗ್ ಸಡಿಲವಾಗಿದೆ, ಈಗ ಯಾವ ಪ್ರಶ್ನೆಗೂ ಹೂಂ ಅನ್ನುತ್ತದೆ. ದಸರಾಕ್ಕೆ ಬರುವಾಗ ಒಂದು ಸಣ್ಣ ಸ್ಪ್ರಿಂಗ್ ತೆಗೆದುಕೊಂಡು ಬಾ. ನ್ಯೂಯಾರ್ಕ್‌ನಲ್ಲಿ ಸಿಗುತ್ತೆ ಅಲ್ವಾ?

ನಿನ್ನ
ಅಪ್ಪ