ಫಲಕ ಬದಲಾಯಿಸಿ ಸ್ವಾಮಿ, ಅದು ರಕೂನ್ ಅಲ್ಲ

ವಸ್ತುಸಂಗ್ರಹಾಲಯಗಳ ಉಸ್ತುವಾರಿ ಹೊತ್ತ ಮಾನ್ಯ ಸಚಿವರೇ,

ನಮಸ್ಕಾರ. ಇದು ನನ್ನ ಐದನೇ ಪತ್ರ. ಹಿಂದಿನ ನಾಲ್ಕಕ್ಕೂ ‘ಪರಿಶೀಲನೆಯಲ್ಲಿದೆ’ ಅನ್ನುವ ಒಂದೇ ಸಾಲಿನ ಉತ್ತರ ಬಂತು. ಅದಕ್ಕೇ ಈ ಸಲ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಿಮ್ಮ ಪ್ರಾಣಿ ವಿಭಾಗದ ಗಾಜಿನ ಪೆಟ್ಟಿಗೆಯಲ್ಲಿ ಒಂದು ರಕೂನ್ ನಾಯಿ ನಿಂತಿದೆ. ಅದರ ಕೆಳಗೆ ‘ರಕೂನ್ ಕುಟುಂಬ’ ಎಂಬ ಫಲಕ ಹಾಕಿ ಆರು ವರ್ಷವಾಯಿತು. ಅಮೆರಿಕದ ರಕೂನಿನ ಹಾಗೆ ಕಣ್ಣಿನ ಸುತ್ತ ಕಪ್ಪಗಿದ್ದ ಮಾತ್ರಕ್ಕೆ ರಕೂನ್ ಆಗಿಬಿಡುತ್ತಾ? ಅದು ನಾಯಿ ಕುಟುಂಬದ್ದು. ನರಿಗಳಿಗೆ ಹತ್ತಿರದ ನೆಂಟ. ಆ ಕುಟುಂಬದಲ್ಲಿ ಚಳಿ ಹೆಚ್ಚಿರುವ ಕಡೆ ಚಳಿಗಾಲದಲ್ಲಿ ಬಿಲ ಸೇರಿ ಮಲಗುವ ಪ್ರಾಣಿ ಅದೊಂದೇ. (ನಿಮ್ಮ ಇಲಾಖೆಗೂ ಅದಕ್ಕೂ ಇರುವ ಹೋಲಿಕೆ ಇಷ್ಟೇ. ಅದು ವಸಂತಕ್ಕಾದರೂ ಏಳುತ್ತದೆ.)

ಕಳೆದ ತಿಂಗಳು ಅದೇ ಕಟ್ಟಡದಲ್ಲಿ ಮಕ್ಕಳ ರಸಪ್ರಶ್ನೆ ಇತ್ತು. ‘ರಕೂನ್ ನಾಯಿ ಯಾವ ಕುಟುಂಬಕ್ಕೆ ಸೇರಿದ್ದು?’ ಎಂದು ಕೇಳಿದರು. ನನ್ನ ಮಗಳು ‘ನಾಯಿ ಕುಟುಂಬ’ ಎಂದಳು. ತಪ್ಪು ಅಂದರು! ಅವಳು ಮತ್ತೊಮ್ಮೆ ಅದನ್ನೇ ಹೇಳಿದಳು. ತೀರ್ಪುಗಾರರು ಎದ್ದು, ಅವಳ ಕೈ ಹಿಡಿದು ಫಲಕದ ಮುಂದೆ ನಿಲ್ಲಿಸಿ, ಎಲ್ಲರೆದುರು ಜೋರಾಗಿ ಓದಿಸಿದರು. ಒಂದು ಅಂಕದಲ್ಲಿ ಸೋತಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ಮಾತಿಲ್ಲ. ಕೊನೆಗೆ ಕೇಳಿದಳು, ‘ಅಪ್ಪಾ, ಪುಸ್ತಕ ತಪ್ಪಾ?’ ನಾನು ಏನು ಹೇಳಲಿ ಸ್ವಾಮಿ?

ಪಕ್ಕದಲ್ಲಿರುವ ಪಳೆಯುಳಿಕೆಯ ಅಚ್ಚು ನೋಡಿದ್ದೀರಾ? ‘ಪುರಾತನ ರಕೂನ್, ಇಥಿಯೋಪಿಯಾ’ ಅಂತಿದೆ. ಅದು ಅಲ್ಲಿನ ಡಿಕಿಕಾ ಎಂಬಲ್ಲಿ ಸಿಕ್ಕ ಅಳಿದುಹೋದ ರಕೂನ್ ನಾಯಿ. 30 ಲಕ್ಷ ವರ್ಷಕ್ಕೂ ಹಳೆಯದು. 2010ರಲ್ಲಿ ವಿಜ್ಞಾನಿಗಳು ಅದಕ್ಕೆ ನಿಕ್ಟೆರ್‍ಯೂಟಿಸ್ ಲಾಕ್‌ವುಡೀ ಎಂದು ಹೆಸರಿಟ್ಟರು. ಇವತ್ತು ಪೂರ್ವ ಏಷ್ಯಾದ ಪ್ರಾಣಿ ಅನಿಸಿಕೊಂಡಿರುವ ಇದರ ಬಂಧುಗಳು ಆಫ್ರಿಕಾದಲ್ಲೂ ಯುರೋಪಿನಲ್ಲೂ ಓಡಾಡಿದ್ದವು ಅನ್ನುವುದೇ ಅಲ್ಲಿ ಹೇಳಬೇಕಾದ ಕಥೆ. ಯುರೋಪಿನ ಬಂಧುಗಳು ಅಳಿದು ಎಷ್ಟೋ ಕಾಲದ ಮೇಲೆ, ಕಳೆದ ಶತಮಾನದಲ್ಲಿ, ಸೋವಿಯತ್ ಸರ್ಕಾರ ತುಪ್ಪಳಕ್ಕಾಗಿ ಸಾವಿರಾರು ರಕೂನ್ ನಾಯಿಗಳನ್ನು ತನ್ನ ಯುರೋಪಿನ ಭಾಗಕ್ಕೆ ತಂದು ಬಿಟ್ಟಿತು. ಅವು ಪಶ್ಚಿಮಕ್ಕೆ ಹರಡಿದವು. 2019ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಅದು ಸಾಕುವುದು, ಮಾರುವುದು ನಿಷಿದ್ಧವಾದ ಪರಕೀಯ ಪ್ರಾಣಿ. ಎಂಥ ಕಥೆ ಅಲ್ವಾ! ನೀವು ಅದನ್ನು ‘ರಕೂನ್’ ಅಂತ ಒಂದೇ ಪದದಲ್ಲಿ ಮುಗಿಸಿದ್ದೀರಿ.

ಪ್ರದರ್ಶನದ ಹೆಸರುಗಳನ್ನು ತಜ್ಞರಿಗೆ ತೋರಿಸಿ ಪರೀಕ್ಷಿಸಬೇಕು ಅನ್ನುವುದು ನಿಮಗೆ ಗೊತ್ತೇ ಇದೆ. ನಾನು ಹೊಸ ಕಟ್ಟಡ ಕೇಳುತ್ತಿಲ್ಲ, ಅನುದಾನ ಕೇಳುತ್ತಿಲ್ಲ. ಎರಡು ಫಲಕ ಬದಲಾಯಿಸಿ. ಸುಮ್ನೆ ಬದಲಾಯಿಸಿ. ಹಣವಿಲ್ಲ ಅಂದರೆ ಬಣ್ಣ, ಕುಂಚ ನಾನೇ ತರುತ್ತೇನೆ.

ವಾರದ ರಜೆಯ ದಿನ ಬಾಗಿಲು ಹಾಕಿರುತ್ತದೆ. ಅವತ್ತು ಬದಲಾಯಿಸಿದರೆ ಯಾರಿಗೂ ಗೊತ್ತೂ ಆಗುವುದಿಲ್ಲ.

ಇಂತಿ,
ಒಂದು ಅಂಕದಲ್ಲಿ ಸೋತ ಹುಡುಗಿಯ ತಂದೆ