ದೊಡ್ಡಬ್ಬ (ದೀಪಾವಳಿ) ಮುಗೀತು, ಮಗಳು ಹೊರಟ್ಲು, ಈಗ ನಿಮ್ಗೆಲ್ಲ ಒಂದು ಥ್ಯಾಂಕ್ಸ್

ಶರಾವತಿ ಹಿನ್ನೀರಿನಾಚೆ ತುಮರಿ ಕಡೆಯ ನಮ್ಮೂರಿನವ್ರಿಗೆ, ಸಾಗರದ ನೆಂಟ್ರಿಗೆ, ಶಿವಮೊಗ್ಗದಲ್ಲಿ ಆಸ್ಪತ್ರೆ ಹೊರಗೆ ಕಾದು ಕೂತಿದ್ದವ್ರಿಗೆ, ಎಲ್ರಿಗೂ ಸೇರ್ಸಿ ಇದನ್ನ ಬರೀತಿದೀನಿ. ಒಬ್ಬೊಬ್ರಿಗೇ ಫೋನ್ ಮಾಡಿ ಹೇಳೋಣ ಅಂದ್ರೆ ಎರಡು ಮಾತಿಗೇ ಗಂಟಲು ಕಟ್ಟತ್ತೆ, ಆಮೇಲೆ ನೀವೇ ನನ್ನ ಸಮಾಧಾನ ಮಾಡ್ಬೇಕಾಗತ್ತೆ. ನಮ್ಮನೆಯವ್ರು ಆರಾಮಿದಾರೆ. ಬೆಳಗ್ಗೆ ತೋಟದ ತನಕ ನಡೀತಾರೆ, ಪೇಪರ್ ಓದ್ತಾರೆ, ನನ್ ಮೇಲೆ ರೇಗ್ತಾರೆ, ಅಂದ್ರೆ ಪೂರ್ತಿ ಸರಿ ಹೋದ್ರು ಅಂತಾನೇ ಲೆಕ್ಕ.

ಆಗಸ್ಟಿನ ಆ ರಾತ್ರಿ ನಿಮ್ಗೆ ಗೊತ್ತಿರೋದೇ. ಎದೆ ಹಿಡ್ಕೊಂಡು ಜಗಲಿಲಿ ಕೂತವ್ರು ಮೇಲೇಳ್ಲಿಲ್ಲ, ಮೈಯೆಲ್ಲ ಬೆವರು, ಹೊರಗೆ ಹೊಡೆಯೋ ಮಳೆ. ಪಕ್ಕದ ಮನೆ ಅಣ್ಣ ಓಮ್ನಿ ತಂದು ಅಂಗಳಕ್ಕೇ ನಿಲ್ಸಿದ್ರು, ಅವ್ರನ್ನ ಯಾರು ಕರೆದ್ರು ಅಂತ ನಂಗೆ ಈಗ್ಲೂ ಗೊತ್ತಿಲ್ಲ. ಮೊದ್ಲೆಲ್ಲ ಲಾಂಚಲ್ಲೇ ಹಿನ್ನೀರು ದಾಟ್ತಿದ್ವಲ್ಲ, ಕಳಸವಳ್ಳಿ ದಡಕ್ಕೆ ಬಂದಾಗ ನಾನು ಆ ಹಳೇ ಅಭ್ಯಾಸಕ್ಕೆ ಅಯ್ಯೋ ಲಾಂಚ್ ಇಲ್ವಲ್ಲಪ್ಪಾ ಅಂತ ಕೂಗ್ಬಿಟ್ಟೆ, ಗಾಡಿ ಮಾತ್ರ ನಿಲ್ದೆ ಸೇತುವೆ ಮೇಲೆ ಹೋಗ್ತಾನೇ ಇತ್ತು, 2 ಕಿಲೋಮೀಟರಿಗೂ ಉದ್ದದ ಸೇತುವೆ, 2025ರ ಜುಲೈ 14ಕ್ಕೆ ತಾನೇ ಉದ್ಘಾಟನೆ ಆಗಿತ್ತು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಗಿ ನೀರು ನಿಂತಾಗಿಂದ ಈ ದಡದವ್ರು ಸಂಜೆ ಮೇಲೆ ಕಾಯಿಲೆ ಬೀಳೋ ಹಾಗೇ ಇರ್ಲಿಲ್ಲ. ಲಾಂಚ್ ನಿಂತ್ಮೇಲೆ ಹೆರಿಗೆ ನೋವು ಬಂದ್ರೂ ಹಾವು ಕಡಿದ್ರೂ ಹೊಸನಗರದ ಕಡೆಯಿಂದ ಸುತ್ತಿ ಬಳಸಿ ಹೋಗ್ಬೇಕಿತ್ತು, ಇಲ್ಲಾ ಬೆಳಗಾಗೋ ತನಕ ದೇವ್ರ ಮೇಲೆ ಭಾರ ಹಾಕಿ ಕೂರ್ಬೇಕಿತ್ತು. ಯಾರು ತಂದಿದ್ದು ಅಂತ ನಾಯಕ್ರು ಏನಾದ್ರೂ ಜಗಳ ಆಡ್ಕೊಳ್ಲಿ, ನನ್ನ ಮೊದಲ ಥ್ಯಾಂಕ್ಸ್ ಮಾತ್ರ ಆ ಸೇತುವೆ ಬೇಕು ಅಂತ ವರ್ಷಗಟ್ಟಲೆ ಧರಣಿ ಕೂತ, ಅರ್ಜಿ ಹಿಡ್ಕೊಂಡು ಅಲೆದ ಹಿನ್ನೀರಿನ ಜನಕ್ಕೆ. ಅವ್ರಲ್ಲಿ ಕೆಲವ್ರು ಅದನ್ನ ನೋಡೋಕೂ ಉಳೀಲಿಲ್ಲ.

ಸಾಗರದಲ್ಲಿ ಇಸಿಜಿ ತೆಗೆದು ರಕ್ತದ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಟ್ರು, ಅಲ್ಲಿಂದ ಶಿವಮೊಗ್ಗ, ಸ್ಟೆಂಟ್, ಐಸಿಯು, ಅದೆಲ್ಲ ಮತ್ತೆ ನೆನೆಸ್ಕೊಳ್ಳಲ್ಲ. ರಾತ್ರಿ ಡ್ಯೂಟಿ ಸಿಸ್ಟರ್ ಒಬ್ರು ತಮ್ಮ ಫ್ಲಾಸ್ಕಿನ ಟೀ ನಂಗೆ ಬಗ್ಗಿಸಿ ಕೊಟ್ಟಿದ್ದು ನೆನಪಿದೆ. ಅಷ್ಟು ಸಾಕು.

ನಾವು ಆಸ್ಪತ್ರೇಲಿ ಇದ್ದಾಗ ತೋಟಕ್ಕೆ ಎರಡ್ನೇ ಸಲದ ಔಷಧಿ ಹೊಡಿಯೋದು ಬಾಕಿ ಇತ್ತು. ಅಡಿಕೆಯವ್ರಿಗೆ ಬಿಡ್ಸಿ ಹೇಳ್ಬೇಕಾಗಿಲ್ಲ, ಆ ಮಳೇಲಿ ಬೋರ್ಡೋ ದ್ರಾವಣ ತಪ್ಪಿದ್ರೆ ಕೊಳೆ ರೋಗ ಹತ್ತಿ ಕಾಯೆಲ್ಲ ಮರದ ಬುಡದಲ್ಲೇ. ನಾವು ವಾಪಸ್ ಬರೋಷ್ಟ್ರಲ್ಲಿ ಕೇರಿ ಹುಡುಗ್ರು ಮಳೆ ಬಿಟ್ಟ ಎರಡು ಹೊತ್ತು ನೋಡ್ಕೊಂಡು ಮೈಲುತುತ್ತ, ಸುಣ್ಣ ಕಲಸಿ ಅಷ್ಟೂ ಮರಕ್ಕೆ ಹೊಡೆದು ಮುಗ್ಸಿದ್ರು. ದುಡ್ಡು ಕೊಡೋಕೆ ಹೋದ್ರೆ ಕೊಯ್ಲಿಗೆ ನೋಡೋಣ ಅತ್ತಿಗೆ ಅಂದ್ರು. ಈಗ ಗೊನೆ ನೋಡಿದಾಗೆಲ್ಲ ಅವ್ರ ಮುಖವೇ ಕಾಣತ್ತೆ.

ಇನ್ನು ಮಗಳ ವಿಷ್ಯ. ಆಗಸ್ಟಲ್ಲೂ ಬಂದಿದ್ಲು, ಆದ್ರೆ ಅದು ಬಂದಂಗಲ್ಲ. ಅವ್ಳು ಬಿಲ್ಲು, ಸ್ಕ್ಯಾನು, ಡಾಕ್ಟ್ರು ಅಂತ ಓಡಾಡ್ಕೊಂಡಿದ್ಲು, ನಾನು ಬೆಂಚಲ್ಲಿ ಕೂತಿದ್ದೆ, ಇಬ್ರೂ ಸರಿಯಾಗಿ ಮುಖ ನೋಡ್ಕೊಂಡಿದ್ದೇ ಇಲ್ಲ. ದಸರಾಕ್ಕೆ ಬಂದ್ಲಲ್ಲ, ಅದು ಬಂದಿದ್ದು. ಬೆಂಗ್ಳೂರಿಂದ ತಾಳಗುಪ್ಪ ರೈಲಲ್ಲಿ ರಾತ್ರಿ ಹೊರಟು ಸಾಗರದಲ್ಲಿ ಇಳಿದು, ಲಾಂಚ್ ತಪ್ಪತ್ತೆ ಅನ್ನೋ ಗಡಿಬಿಡಿ ಇಲ್ದೆ ತಿಂಡಿ ತಿಂದು ಬಸ್ಸಲ್ಲಿ ಸೀದಾ ಬಂದ್ಲು. ಲಾಂಚಲ್ಲಿ ಕೂತು ಹೊಳೆ ಗಾಳಿ ತಗೊಳ್ಳೋದು ಹೋಯ್ತಲ್ಲಮ್ಮಾ ಅಂದ್ಲು, ಅವಳಪ್ಪ ದುರುಗುಟ್ಟಿ ನೋಡಿದ್ರು. ದೊಡ್ಡಬ್ಬದ ತನಕ ಇಲ್ಲಿಂದಾನೇ ಕೆಲ್ಸ ಮಾಡ್ತೀನಿ ಅಂತ ಆಫೀಸಲ್ಲಿ ಒಪ್ಪಿಸ್ಕೊಂಡಿದ್ಲು. ಮಧ್ಯಾಹ್ನ ಚಿತ್ತೆ ಮಳೆ ಗುಡುಗು ಶುರು ಆದ್ರೆ ಕರೆಂಟು ಹೋಗತ್ತೆ, ಆಗೆಲ್ಲ ಲ್ಯಾಪ್‌ಟಾಪ್ ಎತ್ಕೊಂಡು ಮೇಷ್ಟ್ರ ಮನೆಗೆ ಓಡೋದು, ಅವ್ರ ಯುಪಿಎಸ್ಸು, ಅವ್ರ ವೈಫೈ, ಟೀಚರ್ ಕೈಯಿನ ಅವಲಕ್ಕಿ. ಮೇಷ್ಟ್ರೇ, ನಿಮ್ಗೆ ಏನಂತ ಹೇಳ್ಲಿ.

ಭೂಮಿ ಹುಣ್ಣಿಮೆಗೆ ಈ ಸಲ ಬುಟ್ಟಿ ಬರೆದಿದ್ದು ಅವ್ಳೇ. ನಮ್ಮ ದೀವರ ಮನೆಗಳಲ್ಲಿ ಗೊತ್ತಲ್ಲ, ಕೆಮ್ಮಣ್ಣು ಬಳಿದು ಒಣಗಿಸಿದ ಬುಟ್ಟಿ ಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಗೆರೆ ಎಳೀಬೇಕು, ಕೈ ಅಲುಗಿದ್ರೆ ಅಲ್ಲೇ ಗೊತ್ತಾಗತ್ತೆ. ಭತ್ತದ ಸಸಿ ಚೆಂದ ಬಂತು, ಏಣಿ ಸ್ವಲ್ಪ ಸೊಟ್ಟ. ಕೆಳಗಿನ ಮನೆ ದೊಡ್ಡಮ್ಮ ಕನ್ನಡಕ ಏರ್ಸಿ ನೋಡಿ, ಪರ್ವಾಗಿಲ್ಲ ಭೂಮ್ತಾಯಿ ಹತ್ತಿ ಇಳೀಬಹುದು ಅಂದ್ರು! ಅವತ್ತು ರಾತ್ರಿಯಿಡೀ ನಿದ್ದೆ ಇಲ್ಲ, ಬೆರಕೆ ಸೊಪ್ಪು, ಕೊಟ್ಟೆ ಕಡುಬು, ಅಮಟೆಕಾಯಿ. ಬಸುರಿ ಭೂಮ್ತಾಯಿಗೆ ಬಯಕೆ ಊಟ ಅಲ್ವಾ, ಕಮ್ಮಿ ಮಾಡೋಕಾಗತ್ತಾ. ನಸುಕಿಗೆ ಬುಟ್ಟಿ ಹೊತ್ಕೊಂಡು ಗದ್ದೆಗೆ ಹೋಗೋದು ಪ್ರತಿ ವರ್ಷ ಇವ್ರ ಕೆಲ್ಸ, ಈ ಸಲ ಮೈದುನ ಹೊತ್ಕೊಂಡ್ರು, ಇವ್ರು ಹಿಂದೆ ಮಗಳ ಭುಜ ಹಿಡ್ಕೊಂಡು ಬದುವಿನ ಮೇಲೆ ನಿಧಾನಕ್ಕೆ. ಗದ್ದೆಗೆ ಅಚ್ಚಂಬಲಿ ಎಡೆ ಬೀರ್ತಾ ಕೂಗೋ ಹೊತ್ತಿಗೆ ಇವ್ರ ದನಿನೇ ಎಲ್ರಿಗಿಂತ ಮೇಲೆ ಕೇಳ್ತು. ಡಾಕ್ಟ್ರು ಅದಕ್ಕೇನೂ ಬೇಡ ಅಂದಿರ್ಲಿಲ್ಲ ಬಿಡಿ.

ಉಳಿದ ದಿನ ಅವ್ಳು ಏನೂ ಮಾಡ್ಲಿಲ್ಲ, ಅದೇ ನಂಗೆ ಖುಷಿ. ರಜೆ ದಿನ ಹೊತ್ತೇರೋ ತನಕ ಮಲಗೋದು, ಎದ್ದು ಬಚ್ಚಲೊಲೆ ಮುಂದೆ ಕೂರೋದು, ಪತ್ರೊಡೆ ಮಾಡು ಅನ್ನೋದು. ರಾತ್ರಿ ದಿಂಬು ತಂದು ನನ್ನ ಪಕ್ಕ ಬಿದ್ಕೊಂಡು ಆಫೀಸಿನ ಕಥೆ ಶುರು, ಯಾರು ಯಾರಿಗೆ ಏನಂದ್ರು ಅಂತ, ಆ ಜನ ಯಾರೂ ನಂಗೆ ಗೊತ್ತಿಲ್ಲ, ಆದ್ರೂ ಈಗ ಅವಳ ಮ್ಯಾನೇಜರ್ ಅಂದ್ರೆ ನಂಗೂ ಆಗಲ್ಲ. ಮದ್ವೆ ಯಾವಾಗ ಅಂತ ಕೇಳೋಕೆ ಬಂದವ್ರೆಲ್ಲ ಕಾಫಿ ಕುಡ್ದು ಹೋದ್ರು, ಅವ್ರಿಗೂ ಥ್ಯಾಂಕ್ಸ್, ಉತ್ರ ಮಾತ್ರ ನಂಗೂ ಸಿಕ್ಕಿಲ್ಲ.

ದೊಡ್ಡಬ್ಬದ ರಾತ್ರಿ ದೀಪ ಹಿಡ್ಕೊಂಡು ಮನೆಮನೆಗೆ ಹಾಡ್ತಾ ಬರೋ ಅಂಟಿಗೆ ಪಿಂಟಿಗೆಯವ್ರು ಬಂದಿದ್ರು. ಇವ್ರು ಎಷ್ಟೋ ವರ್ಷ ಆ ತಂಡದ ಜೊತೆ ಊರೂರು ನಡೆದು ಹಾಡಿದವ್ರು, ಈ ಸಲ ರಾತ್ರಿ ತಿರುಗಾಟ ಬೇಡ ಅಂತ ಕೂರ್ಸಿದ್ವಿ, ಮುಖ ಸಪ್ಪೆ ಮಾಡ್ಕೊಂಡಿದ್ರು. ತಂಡದವ್ರು ಬೇರೆ ಮನೇಲಿ ನಿಂತಷ್ಟೇ ನಿಂತು ಹೋಗ್ಬಹುದಿತ್ತು, ಹೋಗ್ಲಿಲ್ಲ, ಜಗಲಿಲಿ ಕೂತು ನೀವೇ ಎತ್ತಿ ಅಣ್ಣಾ ಅಂತ ಇವ್ರ ಕೈಲೇ ಶುರು ಮಾಡ್ಸಿ ಪೂರ್ತಿ ಹಾಡ್ಸಿದ್ರು. ಮಗಳು ಅವ್ರ ದೀಪಕ್ಕೆ ಎಣ್ಣೆ ಹಾಕಿದ್ಲು, ನಾನು ಒಳಗಿಂದ ಅಕ್ಕಿ ತರೋಕೆ ಬೇಕಂತಲೇ ತಡ ಮಾಡ್ದೆ.

ಮೊನ್ನೆ ರಾತ್ರಿ ರೈಲಿಗೆ ಹೋದ್ಲು. ಕೊಯ್ಲಿಗೆ ಒಂದ್ಸಲ ಬರ್ತೀನಿ ಅಂದಿದಾಳೆ.

ಆಮೇಲೆ ಆಗಸ್ಟಿಂದ ಊಟ ತಂದ್ಕೊಟ್ಟವ್ರ ಕ್ಯಾರಿಯರ್‌ಗಳು, ಸ್ಟೀಲ್ ಡಬ್ಬಿಗಳು ನಮ್ಮ ಜಗಲಿ ಕಪಾಟಲ್ಲಿ ತೊಳೆದಿಟ್ಟಿದೀನಿ, ಯಾರ್ದು ಯಾವ್ದು ಅಂತ ಗುರ್ತಿಲ್ಲ, ಬಂದು ತಗೊಂಡು ಹೋಗಿ. ಬಂದವ್ರು ಇವ್ರು ಎಷ್ಟು ಕೇಳಿದ್ರೂ ಮಿಡಿ ಉಪ್ಪಿನಕಾಯಿ ಮಾತ್ರ ಕೊಡ್ಬೇಡಿ, ಮಗಳು ಹೋಗೋವಾಗ ಮನೆಮನೆಗೂ ಹೇಳ್ಬಿಟ್ಟು ಹೋಗಿದಾಳೆ, ಫೋನ್ ಮಾಡಿ ವಿಚಾರಿಸ್ತಾಳೆ ಬೇರೆ.