ಮಳೆಮರದ ತಲೆ ಬೋಳಿಸಬೇಡಿ

ಮಾನ್ಯ ಸಂಪಾದಕರೇ,

ಮುಂಗಾರು ಹತ್ತಿರವಾದಂತೆ ಮಂಗಳೂರು, ಉಡುಪಿಯ ರಸ್ತೆ ಬದಿಯ ಮಳೆಮರಗಳ ಗೆಲ್ಲು ಕಡಿಯುವ ಕೆಲಸ ಶುರುವಾಗುತ್ತದೆ. ಗಾಳಿಗೆ ಮರ ಬೀಳಬಾರದೆಂಬ ಕಾಳಜಿ ಸರಿಯೇ. ಆದರೆ ಕಡಿಯುವ ಈಗಿನ ರೀತಿಯೇ ಮರವನ್ನು ಬೀಳಿಸುವಂತಿದೆ.

ಮಳೆಮರ, ಅಂದರೆ ಸಮಾನಿಯ ಸಮಾನ್, ಹುಣಸೆ, ಹೊನ್ನೆಗಳ ಕುಟುಂಬದ್ದೇ. ಮೂಲ ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗ. ಬಯಲಲ್ಲಿ ಬೆಳೆದರೆ 20–25 ಮೀಟರ್ ಎತ್ತರದ ಮರದ ಕೊಡೆ 30 ಮೀಟರ್ ಅಗಲವಾಗುವುದುಂಟು. ಗೆಲ್ಲುಗಳು ಅಡ್ಡಡ್ಡ ಚಾಚುವುದರಿಂದ ಭಾರವೆಲ್ಲ ತುದಿಯಲ್ಲಿ. ಮೋಡ ಕವಿದಾಗ, ಕತ್ತಲಾದಾಗ ಎಲೆಗಳು ಮಡಚಿಕೊಳ್ಳುತ್ತವೆ. ಎಲೆಯ ಬುಡದ ಉಬ್ಬಿನಲ್ಲಿ ಪೊಟ್ಯಾಸಿಯಂ ಜತೆ ನೀರು ಒಂದು ಬದಿಯ ಕೋಶಗಳಿಂದ ಇನ್ನೊಂದು ಬದಿಗೆ ಸರಿಯುವುದು ಇದಕ್ಕೆ ಕಾರಣ. ಮಳೆಹನಿ ಸಲೀಸಾಗಿ ಬುಡದ ಹುಲ್ಲಿಗೆ ಇಳಿಯುವುದು ಇದರಿಂದಲೇ.

ಇಂಥ ಮರದ ತಲೆ ಬೋಳಿಸಿದರೆ ಮೋಟಿನ ಸುತ್ತ ಹತ್ತಾರು ಚಿಗುರು ಒಮ್ಮೆಲೇ ಏಳುತ್ತವೆ. ಅವುಗಳ ಹಿಡಿತ ಹೊರಪದರದಲ್ಲಷ್ಟೇ. ಕೆಲವೇ ವರ್ಷಗಳಲ್ಲಿ ತೋಳುಗಾತ್ರವಾಗಿ, ಒಳಗೆ ಕೊಳೆತ ಮೋಟಿನಿಂದ ಕಿತ್ತು ಬೀಳುತ್ತವೆ. ವಿದ್ಯುತ್ ತಂತಿಯ ಕಡೆ ಮಾತ್ರ ಸವರುವುದು ಇನ್ನೂ ಅಪಾಯ. ಜೂನ್–ಜುಲೈಯಲ್ಲಿ ನೆಲ ನೆನೆದು ಸಡಿಲವಾದಾಗ ಮರ ಭಾರವಿರುವ ಕಡೆಗೆ ವಾಲುತ್ತದೆ.

ಸರಿಯಾದ ಕ್ರಮ ಕಷ್ಟದ್ದಲ್ಲ. ಗೆಲ್ಲಿನ ತುದಿಭಾರ ಇಳಿಸಿ. ಕಡಿಯುವ ಜಾಗದಲ್ಲಿ ಉಳಿಯುವ ಕವಲು, ತೆಗೆಯುವ ಭಾಗದ ಮೂರನೇ ಒಂದರಷ್ಟಾದರೂ ದಪ್ಪವಿರಲಿ. ಒಂದು ವರ್ಷಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಇಡೀ ಗೆಲ್ಲನ್ನೇ ತೆಗೆಯುವುದಾದರೆ ಮೂರು ಕೊಯ್ತ ಬೇಕು. ಮೊದಲನೆಯದು ಕಾಂಡದಿಂದ ಒಂದಡಿ ದೂರ, ಕೆಳಗಿನಿಂದ, ದಪ್ಪದ ಕಾಲು ಭಾಗದಷ್ಟು. ಎರಡನೆಯದು ಅದಕ್ಕಿಂತ ಎರಡಿಂಚು ಹೊರಗೆ, ಮೇಲಿನಿಂದ ಪೂರ್ತಿ. ಉಳಿದ ಮೋಟನ್ನು ಗೆಲ್ಲಿನ ಬುಡದ ಉಬ್ಬು ಬಳೆಯ ಹೊರಗಡೆ ಕೊಯ್ಯಬೇಕು. ಕೆಳಗಿನ ಕೊಯ್ತ ಬಿಟ್ಟರೆ ಗೆಲ್ಲು ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಆ ಬಳೆಯನ್ನೇ ಕೊಯ್ದರೆ ಗಾಯ ಮುಚ್ಚುವ ಅಂಗಾಂಶವೇ ಇಲ್ಲವಾಗುತ್ತದೆ. ಗಾಯಕ್ಕೆ ಡಾಂಬರು, ಪೇಂಟು ಬಳಿಯುವುದು ಬೇಡ. ಅದರಿಂದ ಕೊಳೆ ನಿಲ್ಲುವುದಿಲ್ಲ.

ಬುಡಕ್ಕೆ ಇಂಟರ್‌ಲಾಕ್ ಒತ್ತಿ ಹಾಕುವುದೂ, ಚರಂಡಿಗಾಗಿ ಜೆಸಿಬಿಯಲ್ಲಿ ಬೇರು ಹರಿಯುವುದೂ ನಿಲ್ಲಬೇಕು. ಈ ಮರದ ಬೇರು ಮೇಲ್ಮಣ್ಣಿನಲ್ಲೇ ದೂರ ಹರಡುತ್ತದೆ. ಒಂದು ಬದಿಯ ದಪ್ಪ ಬೇರು ಹೋದರೆ ಎಷ್ಟು ಗೆಲ್ಲು ಸವರಿಯೂ ಪ್ರಯೋಜನವಿಲ್ಲ.

ಕಡಿಯಲೇಬೇಕಾದ ಮರಕ್ಕೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅಂಥ ಮರವನ್ನು ಸೌದೆ ಲೆಕ್ಕಕ್ಕೆ ಹಾಕುವುದು ದೊಡ್ಡ ನಷ್ಟ. ಇದರ ತಿರುಳು ಚಾಕೊಲೇಟ್ ಕಂದು; ಒಣಗುವಾಗ ಕುಗ್ಗುವುದು ಬಹಳ ಕಡಿಮೆ. ಹಸಿಯಾಗಿರುವಾಗಲೇ ಬಟ್ಟಲು, ತಟ್ಟೆ ಕಡೆಯಬಹುದು. ತಿರುಳಿನ ಹೊರಗಿನ ಹಳದಿ ಬಿಳಿ ಪದರಕ್ಕೆ ಮಾತ್ರ ಹುಳ ಬೀಳುತ್ತದೆ, ಅದನ್ನು ಸವರಿ ತೆಗೆಯಬೇಕು. ಎಳೆಗಳು ಒಂದಕ್ಕೊಂದು ಹೆಣೆದಿರುವುದರಿಂದ ಉಜ್ಜುಗೊರಡು ಹರಿತವಿಲ್ಲದಿದ್ದರೆ ಮೈ ಕಿತ್ತು ಬರುತ್ತದೆ. ಆದರೆ ರಸ್ತೆ ಬದಿಯ ದಿಮ್ಮಿ ಕೊಯ್ಯಲು ಮಿಲ್ಲಿನವರು ಹಿಂಜರಿಯುತ್ತಾರೆ, ಜಾಹೀರಾತು ಫಲಕಕ್ಕೆ ಹೊಡೆದ ಮೊಳೆಗಳು ಗರಗಸದ ಹಲ್ಲು ಮುರಿಯುತ್ತವೆ. ಮಳೆಗಾಲಕ್ಕೆ ಮೊದಲು ನಗರಾಡಳಿತ ಮರಗಳ ಮೈಯಿಂದ ಆ ಮೊಳೆಗಳನ್ನೂ ಕೀಳಿಸಲಿ.

– ಓದುಗರು, ಉಡುಪಿ